ಮೇಣವೋ ಕೊಬ್ಬೋ? – ಸೀಸದ ಗುಂಡಿನ ಹಿಂದಿನ ಇತಿಹಾಸ

1857ರ ಮಹಾದಂಗೆಯ ಮಾತು ಬಂದಾಗಲೆಲ್ಲ ನಮಗೆ ಮೊದಲು ನೆನಪಾಗುವುದು ಕೊಬ್ಬು ಸವರಿದ ತೋಟಾ. ನಾವು ಶಾಲೆಯಲ್ಲಿ ಓದಿದ ಚರಿತ್ರೆಯ ಪಾಠದಲ್ಲಿ ಆ ಸಂಗತಿ ಎರಡು ಸಾಲಿನಲ್ಲಿ ಮುಗಿದುಹೋಗುತ್ತಿತ್ತು. ಹೊಸ ಬಂದೂಕಿನ ತೋಟಾಗಳಿಗೆ ಹಸುವಿನ ಮತ್ತು ಹಂದಿಯ ಕೊಬ್ಬನ್ನು ಸವರಿದ್ದರು; ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿತ್ತು; ಸಿಪಾಯಿಗಳು ಕೆರಳಿದರು. ಇಂದು ಮುಂಬಯಿ, ಪುಣೆ, ದೆಹಲಿಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಮರಾಠಿಯಲ್ಲಿ ಓದಲಿ, ಹಿಂದಿಯಲ್ಲಿ ಓದಲಿ, ಇಂಗ್ಲಿಷಿನಲ್ಲಿ ಓದಲಿ, ಅವರಿಗೂ ಸಿಕ್ಕುವುದು ಅದೇ ಎರಡು ಸಾಲು.

ಆದರೆ ಆ ಎರಡು ಸಾಲಿನ ಹಿಂದೆ ಒಂದು ಸರಳ ಪ್ರಶ್ನೆ ಉತ್ತರವಿಲ್ಲದೆ ನಿಂತಿದೆ. ಗುಂಡಿಗೆ ಕೊಬ್ಬನ್ನು ಸವರುವ ಅಗತ್ಯವಾದರೂ ಏನಿತ್ತು? ಬಂಡಿಯ ಅಚ್ಚಿಗೆ ಎಣ್ಣೆ ಬೇಕು, ಬಾಗಿಲ ಕೀಲಿಗೆ ಎಣ್ಣೆ ಬೇಕು, ಸರಿ. ಒಮ್ಮೆ ಹಾರಿಹೋದರೆ ಮತ್ತೆ ಬಾರದ ಸೀಸದ ಗುಂಡಿಗೆ ಎಂಥ ಎಣ್ಣೆ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಕೋವಿಯ ಗುರಿ, ನಳಿಗೆಯ ಕೊಳೆ, ಲೋಹದ ಬೆರಕೆ ಇವುಗಳ ಮೂರು ಶತಮಾನಗಳ ಕಥೆ ಬಿಚ್ಚಿಕೊಳ್ಳುತ್ತದೆ. ಆ ಕಥೆಯಲ್ಲಿ ದಕ್ಷಿಣ ಭಾರತಕ್ಕೂ ನಮ್ಮ ಕನ್ನಡನಾಡಿಗೂ ಸಲ್ಲುವ ಪುಟಗಳಿವೆ. ಅದನ್ನೇ ಇಲ್ಲಿ ನಮ್ಮ ಓದುಗರ ಮುಂದಿಡಲು ಬಯಸುತ್ತೇವೆ.

ನಯವಾದ ನಳಿಗೆಯ ಕಾಲ

1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯನ್ನು ಒಡೆದು ನುಗ್ಗಿದ ಕಂಪನಿ ಸೈನಿಕರ ಕೈಯಲ್ಲಿದ್ದುದು ಒಳಮೈ ನಯವಾಗಿದ್ದ ನಳಿಗೆಯ ಬಂದೂಕು. ಅದರಲ್ಲೇ ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಕ್ಕಾಗಿ ಮಾಡಿಸಿಕೊಂಡ 39 ಅಂಗುಲ ನಳಿಗೆಯ ಮಾದರಿಗೆ 'ಇಂಡಿಯಾ ಪ್ಯಾಟರ್ನ್' ಎಂದು ಹೆಸರು. ಅದು ಅಗ್ಗವೂ ಅನುಕೂಲವೂ ಆಗಿದ್ದುದರಿಂದ 1790ರ ದಶಕದಲ್ಲಿ ಬ್ರಿಟಿಷ್ ದೊರೆಯ ಸೈನ್ಯವೇ ಅದನ್ನು ಎತ್ತಿಕೊಂಡಿತು.

ಈ ಬಂದೂಕಿನ ನಳಿಗೆಯ ವ್ಯಾಸ ಸುಮಾರು ಮುಕ್ಕಾಲು ಅಂಗುಲ. ಅದರೊಳಗೆ ಹಾಕುತ್ತಿದ್ದ ಸೀಸದ ಗೋಲಿ ಸುಮಾರು 0.69 ಅಂಗುಲ. ಹೀಗೆ ಬೇಕೆಂದೇ ಗುಂಡನ್ನು ನಳಿಗೆಗಿಂತ ಚಿಕ್ಕದಾಗಿ ಎರಕ ಹೊಯ್ಯುತ್ತಿದ್ದರು. ಕಾರಣವಿಷ್ಟೆ. ಆ ಕಾಲದ ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಗಟ್ಟಿ ಕಣಗಳಾಗುತ್ತದೆ; ಅದರಲ್ಲಿ ಒಂದಷ್ಟು ಹೊಗೆಯೊಡನೆ ಹಾರಿಹೋಗದೆ ಮಸಿಯಾಗಿ ಉಳಿಯುತ್ತದೆ. ಹತ್ತು ಹದಿನೈದು ಹೊಡೆತವಾಗುವಷ್ಟರಲ್ಲಿ ನಳಿಗೆಯ ಒಳಮೈಗೆ ಆ ಮಸಿ ಮೆತ್ತಿಕೊಂಡು ದಾರಿ ಕಿರಿದಾಗುತ್ತಿತ್ತು. ಬಾಯಿಯಿಂದ ಮದ್ದು, ಗುಂಡು ತುಂಬಿ ಸಲಾಕೆಯಿಂದ ಜಡಿಯುವ ಬಂದೂಕಿನಲ್ಲಿ ಗುಂಡು ಬಿಗಿಯಾಗಿದ್ದರೆ ಕೆಳಗಿಳಿಯುವುದೇ ಇಲ್ಲ. ಆದ್ದರಿಂದ ಸಡಿಲವಾದ ಗುಂಡು.

ಆದರೆ ಸಡಿಲವಾದ ಗುಂಡು ನಳಿಗೆಯೊಳಗೆ ಆ ಗೋಡೆಗೆ ಈ ಗೋಡೆಗೆ ಬಡಿದುಕೊಂಡು, ಕೊನೆಯಲ್ಲಿ ಯಾವ ಗೋಡೆಗೆ ತಾಕಿತೋ ಅದಕ್ಕೆ ತಕ್ಕ ದಿಕ್ಕಿನಲ್ಲಿ ಹೊರಬೀಳುತ್ತದೆ. ನೂರು ಗಜದಾಚೆ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತಾಗಿತ್ತು. ಸಾಲುಗಟ್ಟಿ ನಿಂತು ಒಟ್ಟಾಗಿ ಹಾರಿಸುವ ಯುದ್ಧಪದ್ಧತಿ ಹುಟ್ಟಿದ್ದಕ್ಕೆ ಈ ಕೊರತೆಯೂ ಒಂದು ಮುಖ್ಯ ಕಾರಣ.

ಗೀರುಗಳ ಗುಣವೂ ಕಾಟವೂ

ನಳಿಗೆಯ ಒಳಗೆ ಸುರುಳಿಯಾಗಿ ಗೀರುಗಳನ್ನು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತ ಹೊರಬಂದು ನೇರವಾಗಿ ಹೋಗುತ್ತದೆಂಬುದು ಜರ್ಮನಿಯ ಬೇಟೆಗಾರರಿಗೆ ಹಿಂದಿನಿಂದಲೂ ಗೊತ್ತಿತ್ತು. ಇದಕ್ಕೆ ಶಾಸ್ತ್ರೀಯ ನೆಲೆ ಒದಗಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. 1742ರಲ್ಲಿ ಅವನು ಗುಂಡಿನ ವೇಗವನ್ನು ಅಳೆಯುವ ಲೋಲಕವನ್ನು ಬಳಸಿ ಫಿರಂಗಿವಿದ್ಯೆಯ ಹೊಸ ತತ್ತ್ವಗಳನ್ನು ಕುರಿತು ಗ್ರಂಥ ಪ್ರಕಟಿಸಿದ. ಗೀರು ನಳಿಗೆಯ ಗುಣವನ್ನು ಚೆನ್ನಾಗಿ ಅರಿತು ಅದನ್ನು ಮೊದಲು ಬಳಕೆಗೆ ತರುವ ರಾಷ್ಟ್ರ ಉಳಿದವರನ್ನು ಮೀರಿಸುವುದೆಂದು ಭವಿಷ್ಯ ನುಡಿದವನೂ ಅವನೇ. ಈ ರಾಬಿನ್ಸ್ ಕಂಪನಿಯ ಪ್ರಧಾನ ಇಂಜಿನಿಯರನಾಗಿ ಕೋಟೆಗಳನ್ನು ದುರಸ್ತಿ ಮಾಡಿಸಲು ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡನೆಂಬುದನ್ನು ಮದರಾಸಿನ ಕನ್ನಡಿಗರಲ್ಲಿ ಎಷ್ಟು ಮಂದಿ ಬಲ್ಲರೋ!

ಗೀರಿನಿಂದ ಫಲ ದೊರೆಯಬೇಕಾದರೆ ಗುಂಡು ಗೀರಿಗೆ ಕಚ್ಚಿಕೊಳ್ಳಬೇಕು. ಕಚ್ಚಿಕೊಳ್ಳಬೇಕಾದರೆ ಬಿಗಿಯಾಗಿರಬೇಕು. ಬಿಗಿಯಾಗಿದ್ದರೆ ತುಂಬುವುದು ಕಷ್ಟ. ಇದೇ ಇನ್ನೂರು ವರ್ಷ ಕಾಡಿದ ಒಗಟು. ಬೇಟೆಗಾರರು ಕಂಡುಕೊಂಡಿದ್ದ ಉಪಾಯವೆಂದರೆ ಎಣ್ಣೆ ಅಥವಾ ಕೊಬ್ಬು ಸವರಿದ ಬಟ್ಟೆಯ ಚೂರಿನಲ್ಲಿ ಗುಂಡನ್ನು ಸುತ್ತಿ ತುರುಕುವುದು. ಬಟ್ಟೆ ಗೀರನ್ನು ಹಿಡಿಯುತ್ತದೆ, ಜಿಡ್ಡು ಮಸಿಯನ್ನು ಮೆತ್ತಗೆ ಮಾಡುತ್ತದೆ, ಸೀಸ ಉಕ್ಕಿಗೆ ನೇರವಾಗಿ ತಾಕುವುದಿಲ್ಲ. 1800ರಲ್ಲಿ ಬ್ರಿಟಿಷರು ತಮ್ಮ ಗುರಿಕಾರ ಪಡೆಗೆ ಕೊಟ್ಟ ಬೇಕರ್ ರೈಫಲು ಈ ಬಗೆಯದು. ಮೊದಮೊದಲು ಗುಂಡನ್ನು ಬಡಿದು ಇಳಿಸಲು ಸೈನಿಕರಿಗೆ ಮರದ ಸುತ್ತಿಗೆಯನ್ನೂ ಕೊಟ್ಟಿದ್ದರು! ಬೇಟೆಗೆ ಇದು ಸರಿ. ಕಾಳಗದಲ್ಲಿ, ಶತ್ರು ಮೈಮೇಲೆ ಬರುತ್ತಿರುವಾಗ, ಸುತ್ತಿಗೆ ಹಿಡಿದು ಕೂರಲು ಯಾರಿಗೆ ವ್ಯವಧಾನ?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಳಿಗೆಯ ಕೊಳೆ ಎರಡು ಬಗೆ. ಒಂದು ಮದ್ದಿನ ಮಸಿ. ಇದನ್ನು ನೀರಿನಿಂದ ತೊಳೆಯಬಹುದು. ಇನ್ನೊಂದು ಸೀಸದ ಲೇಪ. ಸೀಸ ಮೆತ್ತನೆಯ ಲೋಹ, 327 ಡಿಗ್ರಿ ಸೆಂಟಿಗ್ರೇಡಿಗೇ ಕರಗುವಂಥದು. ಗುಂಡಿನ ಪಕ್ಕದಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ಹಿಂದಿನಿಂದ ನುಗ್ಗುವ ಬೆಂಕಿಯಂಥ ಅನಿಲ ಆ ಸಂದಿನಲ್ಲಿ ತೂರಿ ಗುಂಡಿನ ಮೈಯನ್ನು ಕರಗಿಸಿ ನಳಿಗೆಗೆ ಬಳಿಯುತ್ತದೆ. ಬಳಿದ ಸೀಸದ ಮೇಲೆ ಮುಂದಿನ ಗುಂಡು ಉಜ್ಜಿ ಇನ್ನಷ್ಟು ಸೀಸ ಬಿಡುತ್ತದೆ. ಗೀರುಗಳು ಹೂತುಹೋಗಿ ರೈಫಲು ಮತ್ತೆ ಹಳೆಯ ನಯನಳಿಗೆಯ ಬಂದೂಕಿನಂತಾಗುತ್ತದೆ. ಈ ಎರಡು ಕೊಳೆಗಳನ್ನೂ ತಡೆಯುವ ಸಾಧನವೇ ಜಿಡ್ಡು.

ದಕ್ಷಿಣ ಭಾರತದ ಊದುಗೊಳವೆ

ಸಡಿಲವಾಗಿ ಒಳಗಿಳಿದು, ಹಾರುವಾಗ ಮಾತ್ರ ಬಿಗಿಯಾಗುವ ಗುಂಡು ಇದ್ದರೆ? ಈ ಯೋಚನೆ ಹೊಳೆದ ಬಗೆ ಸ್ವಾರಸ್ಯವಾದದ್ದು. 1820ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಕ್ಯಾಪ್ಟನ್ ಜಾನ್ ನಾರ್ಟನ್ ಇಲ್ಲಿಯ ಬೇಟೆಗಾರರು ಊದುಗೊಳವೆಯಿಂದ ಬಾಣ ಹಾರಿಸುವುದನ್ನು ಗಮನಿಸಿದನಂತೆ. ಬಾಣದ ಬುಡಕ್ಕೆ ಬೆಂಡಿನಂಥ ಹಗುರವಾದ ಮೆತ್ತನೆಯ ತಿರುಳನ್ನು ಕಟ್ಟಿರುತ್ತಿದ್ದರು. ಊದಿದೊಡನೆ ಆ ತಿರುಳು ಉಬ್ಬಿ ಕೊಳವೆಯ ಗೋಡೆಗೆ ಅಂಟಿಕೊಂಡು ಉಸಿರು ಪಕ್ಕದಿಂದ ನುಸುಳದಂತೆ ತಡೆಯುತ್ತಿತ್ತು. ಸೀಸದ ಗುಂಡಿನ ಬುಡವನ್ನು ಟೊಳ್ಳು ಮಾಡಿದರೆ ಮದ್ದಿನ ಅನಿಲವೂ ಅದನ್ನು ಹೀಗೆಯೇ ಉಬ್ಬಿಸಬೇಕೆಂದು ನಾರ್ಟನ್ ಊಹಿಸಿ ಅಂಥ ಉದ್ದನೆಯ ಗುಂಡನ್ನು ರೂಪಿಸಿದ. ಸರಕಾರ ಅದನ್ನು ಒಪ್ಪಲಿಲ್ಲ. ಗುಂಡೆಂದರೆ ಗುಂಡಗಿರಬೇಕೆಂಬುದು ಅಂದಿನ ಅಧಿಕಾರಿಗಳ ನಂಬಿಕೆ. 1836ರಲ್ಲಿ ವಿಲಿಯಂ ಗ್ರೀನರ್ ಎಂಬ ಕೋವಿ ತಯಾರಕ ಇದೇ ತತ್ತ್ವದ ಇನ್ನೊಂದು ಗುಂಡನ್ನು ತೋರಿಸಿ ಅವನೂ ನಿರಾಶನಾದ.

ಕೊನೆಗೆ ಕೀರ್ತಿ ದೊರೆತದ್ದು ಫ್ರಾನ್ಸಿನ ಕ್ಯಾಪ್ಟನ್ ಕ್ಲೋಡ್ ಮಿನಿಯೆಗೆ. 1849ರ ಹೊತ್ತಿಗೆ ಅವನು ಟೊಳ್ಳು ಬುಡದಲ್ಲಿ ಕಬ್ಬಿಣದ ಪುಟ್ಟ ಬಟ್ಟಲನ್ನಿಟ್ಟ ಚೂಪು ಗುಂಡನ್ನು ಸಿದ್ಧಪಡಿಸಿದ್ದ. ಮದ್ದು ಸಿಡಿದಾಗ ಬಟ್ಟಲು ಮುಂದಕ್ಕೆ ನುಗ್ಗಿ ಸೀಸವನ್ನು ಅಗಲಿಸಿ ಗೀರಿಗೆ ಒತ್ತುತ್ತಿತ್ತು. ಬ್ರಿಟಿಷ್ ಸರಕಾರ ಅವನಿಗೆ 20,000 ಪೌಂಡು ಕೊಟ್ಟಿತು. ಗ್ರೀನರನಿಗೆ ಬಹುಕಾಲ ದೂರು ಕೊಟ್ಟ ಮೇಲೆ 1857ರಲ್ಲಿ 1,000 ಪೌಂಡು ಸಿಕ್ಕಿತು. ಊದುಗೊಳವೆಯ ಬೇಟೆಗಾರನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಎನ್‌ಫೀಲ್ಡ್ ತೋಟಾ

ಈ ಸಂಶೋಧನೆಗಳ ಫಲವೇ 1853ರ ಎನ್‌ಫೀಲ್ಡ್ ರೈಫಲು. ನಳಿಗೆಯ ವ್ಯಾಸ 0.577 ಅಂಗುಲ, ಒಳಗೆ ಮೂರು ಗೀರು, 78 ಅಂಗುಲಕ್ಕೆ ಒಂದು ಸುತ್ತು. ಗುಂಡು ಮೊದಲಲ್ಲಿ 0.568 ಅಂಗುಲ. ಹಳೆಯ ಬಂದೂಕಿನಿಂದ ನೂರು ಗಜಕ್ಕೆ ಗುರಿಯಿಡಲಾಗದಿದ್ದ ಸೈನಿಕ ಇದರಿಂದ ನಾನೂರು, ಐನೂರು ಗಜದಾಚೆಯ ಗುಂಪನ್ನು ಉರುಳಿಸಬಲ್ಲವನಾದ.

ಇದರ ಗುಂಡನ್ನು ಅಪ್ಪಟ ಸೀಸದಿಂದಲೇ ಮಾಡಬೇಕಾಗಿತ್ತು. ಬೇರೆ ಲೋಹ ಬೆರೆಸಿದರೆ ಗಟ್ಟಿಯಾಗಿ ಉಬ್ಬುವುದಿಲ್ಲ. ಆದರೆ ಅಪ್ಪಟ ಸೀಸವೇ ನಳಿಗೆಗೆ ಹೆಚ್ಚು ಬಳಿದುಕೊಳ್ಳುವುದು. ಆದ್ದರಿಂದ ಗುಂಡನ್ನು ಕಾಗದದಲ್ಲಿ ಸುತ್ತಿ, ಕಾಗದದ ಹೊರಮೈಗೆ ಜಿಡ್ಡು ಸವರುವ ಏರ್ಪಾಡು. ತೋಟಾ ಎಂದರೆ ಕಾಗದದ ಕೊಳವೆ. ಒಂದು ತುದಿಯಲ್ಲಿ ಮದ್ದು, ಇನ್ನೊಂದು ತುದಿಯಲ್ಲಿ ಗುಂಡು. ಸೈನಿಕ ಮದ್ದಿನ ತುದಿಯನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಗೆ ಸುರಿದು, ತೋಟಾವನ್ನು ತಿರುಗಿಸಿ ಜಿಡ್ಡಿನ ಕಾಗದ ಸಹಿತ ಗುಂಡನ್ನು ಬಾಯಿಗಿಟ್ಟು, ಉಳಿದ ಕಾಗದವನ್ನು ಕಿತ್ತೆಸೆದು ಸಲಾಕೆಯಿಂದ ಜಡಿಯುತ್ತಿದ್ದ. ಕಚ್ಚುವ ತುದಿ ಬೇರೆ, ಜಿಡ್ಡಿನ ತುದಿ ಬೇರೆ ಎಂದು ವಾದಿಸಬಹುದು. ಆದರೆ ಬಂಗಾಳದ ಸೆಕೆಯಲ್ಲಿ, ಸೊಂಟದ ಚೀಲದಲ್ಲಿ ಒತ್ತಿಕೊಂಡಿದ್ದ ತೋಟಾಗಳ ಕೊಬ್ಬು ತನ್ನ ತುದಿಯಲ್ಲೇ ಕಟ್ಟುನಿಟ್ಟಾಗಿ ಕುಳಿತಿರುವುದೆಂದು ಯಾರು ಹೇಳಬಲ್ಲರು? ಕೈಯಿಂದ ಮುಟ್ಟುವುದಂತೂ ತಪ್ಪದು.

ಆ ಜಿಡ್ಡು ಪಶುವಿನ ಕೊಬ್ಬು ಮತ್ತು ಜೇನುಮೇಣಗಳ ಬೆರಕೆ. ಅದರಲ್ಲಿ ಕೊಬ್ಬಿನ ಪಾಲೇ ಹೆಚ್ಚು. ಇಂಗ್ಲೆಂಡಿನ ಚಳಿಗೆ ಅದು ಹೊಂದುತ್ತಿತ್ತು. ಅಲ್ಲಿ ಕೊಬ್ಬು ಅಗ್ಗ, ಮೇಣ ದುಬಾರಿ.

ಮುನ್ಸೂಚನೆ ಇರಲಿಲ್ಲವೆ?

ಕಂಪನಿಗೆ ಇದು ತಿಳಿಯದೆ ಆದ ತಪ್ಪೆಂದು ಹಲವರು ಬರೆದಿದ್ದಾರೆ. ದಾಖಲೆ ಬೇರೆ ಹೇಳುತ್ತದೆ. ಜಿಡ್ಡು ಸವರಿದ ತೋಟಾಗಳು ಮೊದಲ ಬಾರಿಗೆ ಭಾರತಕ್ಕೆ ಬಂದದ್ದು 1853ರಲ್ಲಿ, ಇಲ್ಲಿಯ ಹವೆಗೆ ಅವು ತಡೆಯುತ್ತವೆಯೇ ಎಂದು ನೋಡಲು. ಅದೇ ವರ್ಷದ ಡಿಸೆಂಬರಿನಲ್ಲಿ ಬಂಗಾಳ ಸೈನ್ಯದ ಅಡ್ಜುಟೆಂಟ್ ಜನರಲ್ ಟಕರ್ ಮೇಲಿನವರಿಗೆ ಸ್ಪಷ್ಟವಾಗಿ ತಿಳಿಸಿದ್ದ: ಈ ಜಿಡ್ಡು ಜಾತಿಧರ್ಮಗಳಿಗೆ ಅಡ್ಡಿ ತರುವಂಥದಲ್ಲವೆಂದು ಖಚಿತವಾಗುವವರೆಗೆ ದೇಶೀ ಪಲ್ಟನ್ನುಗಳಿಗೆ ಕೊಡಬಾರದು. ಪತ್ರ ಮಿಲಿಟರಿ ಬೋರ್ಡಿನಲ್ಲಿ ಕಡತ ಸೇರಿತು. ತೋಟಾಗಳನ್ನು ಸಿಪಾಯಿಗಳ ಚೀಲದಲ್ಲೇ ತಿಂಗಳುಗಟ್ಟಲೆ ಇರಿಸಿ ಪರೀಕ್ಷಿಸಿದರು. ಸಿಪಾಯಿಗಳು ಆಕ್ಷೇಪಿಸಲಿಲ್ಲ, ಜಿಡ್ಡು ಯಾವುದರದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

1856ರಲ್ಲಿ ಕಲ್ಕತ್ತೆಯ ಶಸ್ತ್ರಾಗಾರದಲ್ಲೇ ತೋಟಾ ತಯಾರಿಕೆ ತೊಡಗಿದಾಗ ಕೊಬ್ಬನ್ನು ಗುತ್ತಿಗೆದಾರನಿಂದ ಕೊಂಡರು. ಯಾವ ಪ್ರಾಣಿಯ ಕೊಬ್ಬೆಂದು ಗುತ್ತಿಗೆಯಲ್ಲಿ ನಮೂದಿಸಲಿಲ್ಲ. ಅದರಲ್ಲಿ ಹಸುವಿನ ಕೊಬ್ಬು ಇದ್ದಿರಲೂಬಹುದೆಂದು ಶಸ್ತ್ರಾಗಾರದ ಮುಖ್ಯಾಧಿಕಾರಿಯೇ ಆಮೇಲೆ ಒಪ್ಪಿಕೊಳ್ಳಬೇಕಾಯಿತು.

ದಮ್‌ದಮ್‌ನಿಂದ ಮೀರತ್‌ವರೆಗೆ

1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್‌ನಲ್ಲಿ ಶಸ್ತ್ರಾಗಾರದ ಒಬ್ಬ ಖಲಾಸಿ ಬ್ರಾಹ್ಮಣ ಸಿಪಾಯಿಯ ಲೋಟದಿಂದ ನೀರು ಕೇಳಿದ, ಸಿಪಾಯಿ ನಿರಾಕರಿಸಿದ, ನಿನ್ನ ಜಾತಿ ಇನ್ನೆಷ್ಟು ದಿನ ಎಂದು ಖಲಾಸಿ ಮೂದಲಿಸಿದ ಎಂಬ ಪ್ರಸಂಗ ಪ್ರಸಿದ್ಧವಾದದ್ದು. ಸುದ್ದಿ ದಮ್‌ದಮ್‌ನ ಕ್ಯಾಪ್ಟನ್ ರೈಟನಿಂದ ಬ್ಯಾರಕ್‌ಪುರದ ಜನರಲ್ ಹಿಯರ್ಸೆಗೆ, ಅಲ್ಲಿಂದ ಸರಕಾರಕ್ಕೆ ಬೇಗನೆ ತಲುಪಿತು. ಅಷ್ಟೇ ಬೇಗ ಜನವರಿ ತಿಂಗಳು ಮುಗಿಯುವುದರೊಳಗೆ ಆಜ್ಞೆಯೂ ಹೊರಟಿತು: ಜಿಡ್ಡಿಲ್ಲದ ತೋಟಾಗಳನ್ನೇ ಕೊಡಿ, ಸಿಪಾಯಿಗಳು ಮೇಣ, ಎಣ್ಣೆ, ತಮಗೆ ಒಪ್ಪಿದ್ದನ್ನು ತಾವೇ ಸವರಿಕೊಳ್ಳಲಿ. ಮುಂದೆ ತೋಟಾವನ್ನು ಹಲ್ಲಿನ ಬದಲು ಬೆರಳಿನಿಂದ ಹರಿಯುವ ಕವಾಯತು ಬಂತು.

ಇಲ್ಲಿಯೇ ಇತಿಹಾಸದ ವಿಪರ್ಯಾಸ. ಪರಿಹಾರ ಸುಲಭವಾಗಿತ್ತು, ಅಗ್ಗವಾಗಿತ್ತು, ಆದರೆ ತಡವಾಗಿ ಬಂದಿತ್ತು. ನಂಬಿಕೆ ಒಮ್ಮೆ ಒಡೆದ ಮೇಲೆ ಪರಿಹಾರವೇ ಸಾಕ್ಷಿಯಾಗುತ್ತದೆ. ತಪ್ಪಿಲ್ಲದಿದ್ದರೆ ಬದಲಾಯಿಸಿದ್ದೇಕೆ ಎಂಬ ಮಾತು ಹುಟ್ಟಿತು. ಜಿಡ್ಡು ಹೋಯಿತು, ಕಾಗದದ ಹೊಳಪಿನಲ್ಲೇ ಕೊಬ್ಬು ಇದೆಯೆಂಬ ಗುಮಾನಿ ಬಂತು. ಫೆಬ್ರವರಿಯಲ್ಲಿ ಬರ್ಹಾಂಪುರದ 19ನೆಯ ಪಲ್ಟನ್ನು ತೋಟಾ ಮುಟ್ಟಲಿಲ್ಲ. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ ಪಾಂಡೆ ಬಂದೂಕೆತ್ತಿದ. ಏಪ್ರಿಲ್ 8ರಂದು ಅವನನ್ನು ಗಲ್ಲಿಗೇರಿಸಿದರು. ಏಪ್ರಿಲ್ 24ರಂದು ಮೀರತ್‌ನಲ್ಲಿ 3ನೆಯ ಅಶ್ವದಳದ 90 ಸವಾರರಲ್ಲಿ 85 ಮಂದಿ ತೋಟಾ ಬೇಡವೆಂದರು. ಅವು ಅವರು ಮೊದಲಿನಿಂದಲೂ ಬಳಸುತ್ತಿದ್ದ ಹಳೆಯ ತೋಟಾಗಳೇ ಆಗಿದ್ದುವೆಂಬುದನ್ನು ಗಮನಿಸಬೇಕು. ಮೇ 9ರಂದು ಎಲ್ಲರೆದುರು ಅವರಿಗೆ ಬೇಡಿ ತೊಡಿಸಿದರು. ಮರುದಿನ ಮೀರತ್ ಎದ್ದಿತು.

ದಂಗೆಗೆ ತೋಟಾ ಒಂದೇ ಕಾರಣವಲ್ಲವೆಂದು ಹೇಳಬೇಕಾಗಿಲ್ಲ. ಅವಧ ರಾಜ್ಯದ ಕಬಳಿಕೆ, ಭೂಮಿಯ ಕಂದಾಯ, ಸಂಬಳ ಭತ್ಯೆಗಳ ಕೊರಗು, ಸಮುದ್ರದಾಚೆಯ ನೌಕರಿಯ ಭಯ ಎಲ್ಲವೂ ಸೇರಿ ಮದ್ದಾಗಿದ್ದುವು. ತೋಟಾ ಕಿಡಿಯಾಯಿತು.

ಹಲಗಲಿಯೂ ಕೊಡಗೂ

ಆ ಕಿಡಿಯ ಬಿಸಿ ಕನ್ನಡನಾಡಿಗೆ ಇನ್ನೊಂದು ದಾರಿಯಲ್ಲಿ ತಟ್ಟಿತು. ದಂಗೆಗೆ ಹೆದರಿದ ಸರಕಾರ 1857ರಲ್ಲೇ ನಿಶ್ಶಸ್ತ್ರೀಕರಣ ಕಾಯ್ದೆ ತಂದು, ಅಪ್ಪಣೆಯಿಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದೆಂದು ಸಾರಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಹೊಟ್ಟೆಯ ದಾರಿ, ಮನೆತನದ ಮಾನ. ಕೊಡುವುದಿಲ್ಲವೆಂದು ಅವರು ನಿಂತರು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮರ ಕಥೆ ಲಾವಣಿಯಾಗಿ ಉಳಿಯಿತು. ಅದನ್ನು ಸಂಗ್ರಹಿಸಿ ಪ್ರಕಟಿಸಿದವನು ಶಾಸನತಜ್ಞ ಫ್ಲೀಟ್, ಬ್ರಿಟಿಷ್ ಸರಕಾರದ ಅಧಿಕಾರಿಯೇ. ಮುಂದಿನ ವರ್ಷ ನರಗುಂದದ ಬಾಬಾಸಾಹೇಬ ಮತ್ತು ಮುಂಡರಗಿಯ ಭೀಮರಾಯರು ಎದ್ದುದಕ್ಕೂ ಈ ಕಾಯ್ದೆಯ ಕಹಿ ಸೇರಿತ್ತು.

ಅದೇ ಕಾಯ್ದೆ ಕೊಡಗಿನಲ್ಲಿ ಬೇರೆ ರೂಪ ತಾಳಿತು. 1861ರಲ್ಲಿ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಕೊಡವರಿಗೆ ಅದರಿಂದ ವಿನಾಯಿತಿ ದೊರೆಯಿತು. ಆ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿದು, 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು ಹೂವಿಟ್ಟು ಪೂಜಿಸುವ ಮನೆಗಳು ಇಂದಿಗೂ ಇವೆ. ಒಂದೇ ಕಾಯ್ದೆಯಡಿ ಒಂದು ಊರು ಸುಟ್ಟುಹೋಯಿತು, ಒಂದು ನಾಡು ಕೋವಿ ಉಳಿಸಿಕೊಂಡಿತು. ಇದರಲ್ಲಿ ನ್ಯಾಯಕ್ಕಿಂತ ಆಳುವವರ ಲೆಕ್ಕಾಚಾರವೇ ಹೆಚ್ಚೆಂದು ನಮಗೆ ತೋರುತ್ತದೆ.

ಮೇಣ ಗೆದ್ದಿತು

ಈಗ ಮತ್ತೆ ಗುಂಡಿನ ಕಥೆಗೆ ಬರೋಣ. ಪಾಠಪುಸ್ತಕದಲ್ಲಿ ಬಾರದ ಮುಖ್ಯ ಸಂಗತಿ ಇಲ್ಲಿದೆ. ದಂಗೆಯ ಕಾಲದಲ್ಲಿ ಬ್ರಿಟಿಷ್ ಸೈನಿಕರೇ ಎನ್‌ಫೀಲ್ಡ್ ತುಂಬಲು ಒದ್ದಾಡಿದರು. ಭಾರತದ ಬಿಸಿಲಿಗೆ ಕೊಬ್ಬು ಕರಗಿ ಕಾಗದಕ್ಕೆ ಇಂಗಿಹೋಗುತ್ತಿತ್ತು. ಸಾಲದೆಂದು ಕೊಬ್ಬಿನ ಆಮ್ಲ ಸೀಸವನ್ನು ತಿಂದು ಗುಂಡಿನ ಮೈಮೇಲೆ ಬೂದಿಯಂಥ ಪದರ ಕಟ್ಟುತ್ತಿತ್ತು. ಮೊದಲೇ ಬಿಗಿಯಾದ ಗುಂಡು ಅದರಿಂದ ಇನ್ನಷ್ಟು ದಪ್ಪವಾಗಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ದಂಗೆಯ ನಂತರದ ಒಂದೆರಡು ವರ್ಷಗಳಲ್ಲಿ ಎರಡು ಬದಲಾವಣೆ ಮಾಡಿದರು. ಗುಂಡನ್ನು 0.568 ಅಂಗುಲದಿಂದ 0.55ಕ್ಕೆ ಇಳಿಸಿ, ಬುಡದ ಟೊಳ್ಳಿನಲ್ಲಿ ಬೆಣೆಯಿಟ್ಟು ಚೆನ್ನಾಗಿ ಉಬ್ಬುವಂತೆ ನೋಡಿಕೊಂಡರು. ಜಿಡ್ಡಿನಲ್ಲಿ ಕೊಬ್ಬನ್ನು ತಗ್ಗಿಸಿ ಜೇನುಮೇಣಕ್ಕೆ ಪ್ರಾಧಾನ್ಯ ಕೊಟ್ಟರು. ಮೇಣ 60 ಡಿಗ್ರಿ ಸೆಂಟಿಗ್ರೇಡ್ ದಾಟುವವರೆಗೆ ಕರಗುವುದಿಲ್ಲ, ಸೀಸವನ್ನು ಕೊಬ್ಬಿನಂತೆ ಕೆಡಿಸುವುದಿಲ್ಲ. ಕೂಡಲೇ ತುಂಬುವ ತೊಂದರೆ ನೀಗಿತು, ಗುರಿಯೂ ಸುಧಾರಿಸಿತು.

ಎಂದರೆ, ಸಿಪಾಯಿಯ ಮನಸ್ಸಿಗೆ ಒಪ್ಪುತ್ತಿದ್ದ ಮೇಣವೇ ರೈಫಲಿಗೂ ಹಿತವಾದದ್ದಾಗಿತ್ತು! 1853ರಲ್ಲಿ ಟಕರನ ಪತ್ರವನ್ನು ಗಂಭೀರವಾಗಿ ತೆಗೆದುಕೊಂಡು ಇಲ್ಲಿಯ ಹವೆಗೂ ಜನಕ್ಕೂ ಒಪ್ಪುವ ಜಿಡ್ಡು ಯಾವುದೆಂದು ವಿಚಾರಿಸಿದ್ದರೆ ಧರ್ಮವೂ ಉಳಿಯುತ್ತಿತ್ತು, ಗುರಿಯೂ ಕೂಡುತ್ತಿತ್ತು. ಕೇಳಬೇಕಾದವರನ್ನು ಕೇಳದಿದ್ದುದರಿಂದ ಯಂತ್ರವೂ ಕೆಟ್ಟಿತು, ಮನಸ್ಸೂ ಕೆಟ್ಟಿತು.

ದಂಗೆಯಿಂದ ಸರಕಾರ ಕಲಿತ ಪಾಠ ಮಾತ್ರ ಬೇರೆಯದು. 1858ರಿಂದ ದೇಶೀ ಪಡೆಗಳಿಗೆಂದು ಎನ್‌ಫೀಲ್ಡಿನಂತೆಯೇ ಕಾಣುವ, ಆದರೆ ಒಳಗಿನ ಗೀರನ್ನು ಕೊರೆದು ಅಳಿಸಿದ ಬಂದೂಕನ್ನು ಮಾಡಿಸಿದರು. ಹೊರನೋಟಕ್ಕೆ ರೈಫಲು, ಒಳಗೆ ಹಳೆಯ ನಯನಳಿಗೆ. ಬಹುಕಾಲ ಭಾರತೀಯ ಸೈನಿಕನ ಆಯುಧ ಬ್ರಿಟಿಷ್ ಸೈನಿಕನದಕ್ಕಿಂತ ಒಂದು ತಲೆಮಾರು ಹಿಂದೆ ಇರುವಂತೆ ನೋಡಿಕೊಂಡರು.

ತವರ, ಕಾಗದ, ತಾಮ್ರ

ಹಿಂಭಾಗದಿಂದ ತೋಟಾ ತುಂಬುವ ಬಂದೂಕು ಬಂದ ಮೇಲೆ ಗುಂಡನ್ನು ಸಡಿಲವಾಗಿರಿಸುವ ಅಗತ್ಯವೇ ಉಳಿಯಲಿಲ್ಲ. ಮೊದಲಿನಿಂದಲೇ ಬಿಗಿಯಾದ, ಗಟ್ಟಿಯಾದ ಗುಂಡನ್ನು ಇಡಬಹುದಾಯಿತು. 1871ರಲ್ಲಿ ಬಂದ ಮಾರ್ಟಿನಿ-ಹೆನ್ರಿ ರೈಫಲಿನ 480 ಗ್ರೇನ್ ತೂಕದ ಗುಂಡಿನಲ್ಲಿ 12 ಪಾಲು ಸೀಸಕ್ಕೆ 1 ಪಾಲು ತವರ ಬೆರೆಸಿದರು. ಮೈಗೆ ಕಾಗದ ಸುತ್ತಿ, ಬುಡದ ಹಿಂದೆ ಜೇನುಮೇಣದ ಬಿಲ್ಲೆಯೊಂದನ್ನು ಇಟ್ಟರು. ಕಾಗದ ಸೀಸವನ್ನು ನಳಿಗೆಗೆ ತಾಕಗೊಡದು, ಮೇಣ ಮಸಿಯನ್ನು ಮೆತ್ತಗಿಡುತ್ತದೆ, ತವರ ಗುಂಡಿಗೆ ಬಿಗಿ ಕೊಡುತ್ತದೆ. ಮೂರು ಶತಮಾನಗಳ ಅನುಭವ ಆ ಹೆಬ್ಬೆರಳಿನಷ್ಟು ತೋಟಾದಲ್ಲಿ ಒಟ್ಟುಗೂಡಿತ್ತು. ಪುಣೆಯ ನೆರೆಯ ಖಡಕಿಯಲ್ಲಿ 1869ರಲ್ಲಿ ಸ್ಥಾಪನೆಯಾದ ಮದ್ದುಗುಂಡಿನ ಕಾರ್ಖಾನೆ ಹುಟ್ಟಿದ್ದು ಈ ಹಿಂಬದಿ ತುಂಬುವ ಬಂದೂಕುಗಳ ಯುಗದಲ್ಲೇ.

ಆದರೆ ಸೀಸದ ರಾಜ್ಯಭಾರ ಮುಗಿಯುತ್ತ ಬಂದಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವ್ಯೇಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ. ಅದರ ವೇಗಕ್ಕೂ ಬಿಸಿಗೂ ಬರಿಯ ಸೀಸ ತಡೆಯದಾಯಿತು. ಸ್ವಿಸ್ ಸೈನ್ಯದ ಎಡುವಾರ್ಡ್ ರೂಬಿನ್ ಅಷ್ಟರಲ್ಲಾಗಲೇ ಸೀಸಕ್ಕೆ ತಾಮ್ರದ ಹೊದಿಕೆ ತೊಡಿಸಿದ್ದ. ಅಲ್ಲಿಗೆ ಸೈನ್ಯಗಳಲ್ಲಿ ಜಿಡ್ಡಿನ ಪ್ರಶ್ನೆ ಮುಗಿಯಿತು. ಹೊಸ ಹೊದಿಕೆಯ ಗುಂಡು ಮನುಷ್ಯನ ಮೈಯಲ್ಲಿ ಸಣ್ಣ ತೂತು ಮಾಡಿ ಹಾದುಹೋಗುತ್ತದೆ, ಬಂದವನು ನಿಲ್ಲುವುದಿಲ್ಲವೆಂಬ ದೂರು ಗಡಿನಾಡಿನ ಕಾಳಗಗಳಿಂದ ಬಂದಾಗ, ಅದೇ ದಮ್‌ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ತುದಿಯ ಹೊದಿಕೆ ಬಿಚ್ಚಿದ ಗುಂಡನ್ನು ತಯಾರಿಸಿದರು. 'ದಮ್‌ದಮ್ ಗುಂಡು' ಎಂಬ ಹೆಸರು ಲೋಕಕ್ಕೆಲ್ಲ ಹಬ್ಬಿತು. 1899ರ ಹೇಗ್ ಸಮ್ಮೇಳನ ಅಂಥ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು ಘೋಷಿಸಿತು. ಒಂದೇ ಊರು ನಲವತ್ತು ವರ್ಷಗಳ ಅಂತರದಲ್ಲಿ ಎರಡು ಬಾರಿ ಗುಂಡಿನಿಂದ ಅಪಖ್ಯಾತಿ ಪಡೆಯಿತು.

ಅಚ್ಚುಮೊಳೆಯ ಲೋಹ

ಸೈನ್ಯ ಬಿಟ್ಟ ಎರಕದ ಗುಂಡನ್ನು ಅಮೆರಿಕದ ಗುರಿಸ್ಪರ್ಧೆಗಳ ಹವ್ಯಾಸಿಗಳು ಕೈಬಿಡಲಿಲ್ಲ. ಮಸಾಚುಸೆಟ್ಸಿನ ವೈದ್ಯ ಫ್ರಾಂಕ್ಲಿನ್ ಮಾನ್ ಹಲವು ವರ್ಷಗಳ ಕಾಲ ತನ್ನ ಸ್ವಂತ ಖರ್ಚಿನಲ್ಲಿ ಪ್ರಯೋಗ ನಡೆಸಿ 1909ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ. ಗುಂಡಿನ ಬುಡ ಓರೆಯಾಗಿದ್ದರೆ, ಎರಕದೊಳಗೆ ಗಾಳಿಗುಳ್ಳೆ ಉಳಿದು ತೂಕ ಒಂದು ಪಕ್ಕಕ್ಕೆ ವಾಲಿದ್ದರೆ ಗುರಿ ಎಷ್ಟು ತಪ್ಪುವುದೆಂದು ಅವನು ಲೆಕ್ಕ ಹಾಕಿ ತೋರಿಸಿದ. ಅವನಂಥವರ ದುಡಿಮೆಯಿಂದ ಹಳೆಯ ಅನುಭವಗಳು ನಿಯಮಗಳಾದುವು. ಗುಂಡು ಗೀರಿನ ಆಳದ ವ್ಯಾಸಕ್ಕಿಂತ ಅಂಗುಲದ ಸಾವಿರದ ಒಂದೆರಡು ಪಾಲು ದಪ್ಪವಿರಬೇಕು, ಆಗ ಅನಿಲ ನುಸುಳದು. ವೇಗಕ್ಕೆ ತಕ್ಕ ಗಡಸುತನ ಬೇಕು; ತೀರ ಮೆತ್ತಗಾದರೂ ತೊಂದರೆ, ಗಟ್ಟಿಯಾಗಿ ಸಂದು ಮುಚ್ಚದಿದ್ದರೂ ತೊಂದರೆ. ಗುಂಡಿನ ಗಾಡಿಗಳಲ್ಲಿ ತುಂಬಿದ ಜಿಡ್ಡು ನಳಿಗೆಯ ಬಾಯಿಯವರೆಗೂ ಸಾಲಬೇಕು. 20ನೆಯ ಶತಮಾನದ ಮೊದಲಲ್ಲಿ ಬುಡಕ್ಕೆ ತಾಮ್ರದ ಪುಟ್ಟ ಟೊಪ್ಪಿಗೆ ತೊಡಿಸುವ ಉಪಾಯವೂ ಬಂತು. ಅವರ ಜಿಡ್ಡಿನಲ್ಲಿ ಇಂದಿಗೂ ಮುಖ್ಯವಾದ ವಸ್ತು ಜೇನುಮೇಣವೇ.

ಇನ್ನೊಂದು ಸಂಗತಿ ನಮ್ಮಂಥ ಪತ್ರಿಕೆಯವರ ಮನಸ್ಸಿಗೆ ನಾಟುವಂಥದು. ಗಡಸು ಗುಂಡಿಗೆ ಅವರು ಬಹಳ ಮೆಚ್ಚಿದ್ದು ಮುದ್ರಣಾಲಯದ ಲೋಹವನ್ನು. 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರದ ಲೈನೋಟೈಪ್ ಬೆರಕೆ ಅಚ್ಚನ್ನು ಮೂಲೆಮೂಲೆಯವರೆಗೆ ತುಂಬುತ್ತದೆ, ಬೇಗ ಗಟ್ಟಿಯಾಗುತ್ತದೆ. ಅಕ್ಷರದ ಅಂಚು ತೀಡಿದಂತೆ ಬರಬೇಕೆಂದು ಕಂಡುಕೊಂಡ ಲೋಹ ಗುಂಡಿನ ಅಂಚಿಗೂ ಒದಗಿತು. ಕನ್ನಡದ ಪುಸ್ತಕ ಪತ್ರಿಕೆಗಳು ಒಂದು ಶತಮಾನಕ್ಕೂ ಮಿಕ್ಕಿ ಮುದ್ರಣವಾದದ್ದು ಇದೇ ಮೂರು ಲೋಹಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಎರಕ ಹೊಯ್ದ ಅಚ್ಚುಮೊಳೆಗಳಿಂದ. ಮೊಳೆ ಜೋಡಿಸಿದವರ ಬೆರಳು ಕಪ್ಪಾಗುತ್ತಿದ್ದುದನ್ನು ಕಂಡ ಹಿರಿಯರು ನಮ್ಮ ಓದುಗರಲ್ಲೂ ಇದ್ದಾರೆ. ಆಫ್‌ಸೆಟ್ಟು, ಕಂಪ್ಯೂಟರು ಬಂದ ಮೇಲೆ ಆ ಮೊಳೆಗಳು ಗುಜರಿಗೆ ಹೋದುವು. ಗುರಿಕಾರರಿಗೂ ಆ ಲೋಹ ಅಪರೂಪವಾಯಿತು.

ಕೊನೆಯ ಮಾತು

ಇಷ್ಟೆಲ್ಲ ಹೇಳಿದ್ದು ಕೋವಿಯ ಹೊಗಳಿಕೆಗಲ್ಲ. ಗುಂಡಿನ ಸುಧಾರಣೆಯೆಂದರೆ ಕೊಲ್ಲುವ ಕೆಲಸದ ಸುಧಾರಣೆಯೇ ಎಂಬುದನ್ನು ನಾವು ಮರೆತಿಲ್ಲ, ಹಲಗಲಿಯವರೂ ಮರೆಯಲಾರರು. ಆದರೆ ಚರಿತ್ರೆಯನ್ನು ಎರಡು ಸಾಲಿನಲ್ಲಿ ಕಲಿತರೆ ಒಂದು ಅಪಾಯವಿದೆ. ಕೊಬ್ಬಿಗೆ ಕೆರಳಿದ ಸಿಪಾಯಿ ನಮ್ಮ ಮಕ್ಕಳ ಕಣ್ಣಿಗೆ ಮೂಢನಂಬಿಕೆಯವನಾಗಿ ಕಾಣುತ್ತಾನೆ, ರೈಫಲು ತಂದವನು ವಿಜ್ಞಾನಿಯಾಗಿ ಕಾಣುತ್ತಾನೆ. ನಿಜ ಹಾಗಿಲ್ಲ. ಈ ಜಿಡ್ಡು ಏತರದು ಎಂದು ಸಿಪಾಯಿ ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆಯೇ ಆಗಿತ್ತು. ವಿಜ್ಞಾನದ ದೃಷ್ಟಿಯಿಂದಲೂ ಅದು ಕೇಳಬೇಕಾದ ಪ್ರಶ್ನೆ. ಉತ್ತರ ಹುಡುಕಿದ್ದರೆ ಮೇಣ ಅಂದೇ ಸಿಗುತ್ತಿತ್ತು.

ಮುಂದಿನ ಸಲ ಮನೆಯಲ್ಲಿ ಮಗುವೊಂದು ಚರಿತ್ರೆಯ ಪುಸ್ತಕ ಹಿಡಿದು ಆ ಎರಡು ಸಾಲು ಗಟ್ಟಿ ಮಾಡುತ್ತಿದ್ದರೆ, ಅದರ ಪಕ್ಕದಲ್ಲಿ ಕುಳಿತು ಈ ಮೇಣದ ಸಂಗತಿಯನ್ನೂ ಹೇಳಿರಿ. ಹಾಗೆಯೇ ಊದುಗೊಳವೆಯ ಆ ಹೆಸರಿಲ್ಲದ ಬೇಟೆಗಾರನನ್ನೂ ಒಮ್ಮೆ ನೆನೆಯಿರಿ.